ಫ್ಯೂಸ್ ಇಲ್ಲದ ಹುಡುಗಿ

ತಿಪಟೂರಿನಲ್ಲಿ ನನ್ನದೊಂದು ರೇಡಿಯೊ-ಟೀವಿ ರಿಪೇರಿ ಅಂಗಡಿ. ಬೋರ್ಡಿನ ಮೇಲೆ ಹಾಗಂತ ಇದೆ, ಬರುವುದು ಮಾತ್ರ ಮಿಕ್ಸಿ, ಎಲ್‌ಇಡಿ ಬಲ್ಬು, ಸೆಟ್‌ಟಾಪ್ ಬಾಕ್ಸು. ಯಾರಾದರೂ ಅಟ್ಟದಿಂದ ಇಳಿಸಿದ ಹಳೇ ವಾಲ್ವ್ ರೇಡಿಯೊ ಸೆಟ್ ತಂದರೆ ಆ ದಿನ ನನಗೆ ಹಬ್ಬ. ಹಾಗೆ ಒಂದು ಸೆಟ್ಟಿನ ಹೊಟ್ಟೆ ಬಿಚ್ಚಿ ಕೂತಿದ್ದಾಗ ಬೆಂಗಳೂರಿನಿಂದ ಅಕ್ಕನ ಮಗಳ ಫೋನು.

"ಮಾಮ, ನಿಮ್ಮ ರೇಡಿಯೊ ಹೆಸರು ಇಟ್ಟುಕೊಂಡಿರೋ ಹುಡುಗಿ ಒಬ್ಬಳು ಸಿಕ್ಕಿದ್ದಾಳೆ. ಅಗಾಥಾ ಹೆಟೆರೊಡೈನ್."

"ಯಾರಮ್ಮ ಅವಳು, ನಿನ್ನ ಕ್ಲಾಸ್‌ಮೇಟಾ?"

ಅಲ್ಲ, ಒಂದು ವೆಬ್‌ಕಾಮಿಕ್ಕಿನ ನಾಯಕಿ. ಹೆಸರು 'ಗರ್ಲ್ ಜೀನಿಯಸ್'. ಅಮೆರಿಕದ ಫಿಲ್ ಮತ್ತು ಕಾಯಾ ಫೋಗ್ಲಿಯೊ ದಂಪತಿ 2001ರಲ್ಲಿ ಅಚ್ಚಿನಲ್ಲಿ ಶುರು ಮಾಡಿ, 2005ರಲ್ಲಿ ಇಂಟರ್‌ನೆಟ್ಟಿಗೆ ತಂದದ್ದು. ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಪುಟ. 2009ರಿಂದ ಮೂರು ವರ್ಷ ಸತತವಾಗಿ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂದ ಮೇಲೆ, ಬೇರೆಯವರಿಗೂ ಸಿಗಲಿ ಅಂತ ಅವರೇ ಪಕ್ಕಕ್ಕೆ ಸರಿದರಂತೆ. ನಾನು ಓದಲು ಕೂತದ್ದು ಇದಕ್ಕೆಲ್ಲ ಅಲ್ಲ, ಆ ಹೆಸರಿಗೆ.

ಹೆಟೆರೊಡೈನ್ ಅನ್ನುವುದು ನಮ್ಮ ಕಸುಬಿನ ಒಳಗುಟ್ಟು. ಬೆಂಗಳೂರು ಆಕಾಶವಾಣಿ 612 ಕಿಲೊಹರ್ಟ್ಸ್‌ನಲ್ಲಿ ಬರುತ್ತೆ. ಅದಕ್ಕೆ ಮುಳ್ಳು ತಿರುಗಿಸಿದಾಗ ಸೆಟ್ಟಿನೊಳಗಿನ ಆಸಿಲೇಟರ್, ಅಂದರೆ ತರಂಗ ಹುಟ್ಟಿಸುವ ಭಾಗ, ತಾನೇ 1067 ಹುಟ್ಟಿಸುತ್ತೆ. ಎರಡೂ ಬೆರೆತು, ವ್ಯತ್ಯಾಸವಾಗಿ 455 ಉಳಿಯುತ್ತೆ. ಧಾರವಾಡದ 765ಕ್ಕೆ ತಿರುಗಿಸಿದರೆ ಒಳಗಿನದು 1220 ಆಗುತ್ತೆ, ಉಳಿಯುವುದು ಮತ್ತೆ ಅದೇ 455. ಹೊರಗಿನ ದನಿ ಯಾವುದೇ ಇರಲಿ, ಒಳಗಿನ ದನಿ ಅದರ ಜೊತೆ ಕೂಡಿ ಒಂದೇ ಹದಕ್ಕೆ ತರುತ್ತೆ. ಅಗಾಥಾ ಕೆಲಸಕ್ಕೆ ಇಳಿದಾಗ ಬಾಯೊಳಗೇ ಏನೋ ರಾಗ ಗುನುಗುತ್ತಾಳೆ, ಸುತ್ತಲಿನ ಗಲಾಟೆಯೆಲ್ಲ ಅವಳ ಪಾಲಿಗೆ ಅಳಿಸಿಹೋಗುತ್ತೆ. ಕಥೆಯೊಳಗೆ ಅದಕ್ಕೂ ಹೆಟೆರೊಡೈನಿಂಗ್ ಅಂತಲೇ ಹೆಸರು. ಇದನ್ನು ನೋಡಿದ ಮೇಲೆ ನನ್ನನ್ನು ಯಾರೂ ಹಿಡಿಯುವ ಹಾಗಿರಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹತ್ತೊಂಬತ್ತನೇ ಶತಮಾನದ್ದೇ ಅನ್ನಿಸುವ, ಆದರೆ ಹುಚ್ಚು ವಿಜ್ಞಾನಿಗಳೇ ಆಳುವ ಯುರೋಪು. ಹುಟ್ಟಾ ಯಂತ್ರ ಕಟ್ಟುವ ಕಿಡಿ ಇರುವವರನ್ನು ಅಲ್ಲಿ 'ಸ್ಪಾರ್ಕ್' ಅನ್ನುತ್ತಾರೆ. ಅಗಾಥಾ ವಿಶ್ವವಿದ್ಯಾಲಯದಲ್ಲಿ ಕೈಹಚ್ಚಿದ್ದೆಲ್ಲ ಕೆಡಿಸುವ, ಸಿಟ್ಟು ಬಂದರೆ ತಲೆನೋವಿನಿಂದ ಕುಸಿಯುವ ಹುಡುಗಿ. ಒಂದು ದಿನ ಇಬ್ಬರು ಸೈನಿಕರು ಅವಳ ಕೊರಳಿನ ಲಾಕೆಟ್ ಕದಿಯುತ್ತಾರೆ. ಆ ರಾತ್ರಿಯೇ ಅವಳು ನಿದ್ದೆಯಲ್ಲಿ ಎದ್ದು ಒಂದು ದೊಡ್ಡ ಯಂತ್ರ ಕಟ್ಟಿಬಿಡುತ್ತಾಳೆ. ಚಿಕ್ಕಪ್ಪ ಕೊಟ್ಟಿದ್ದ ಆ ಲಾಕೆಟ್ಟೇ ಅಷ್ಟು ದಿನ ಅವಳ ಕಿಡಿಯನ್ನು ಅದುಮಿ ಇಟ್ಟಿತ್ತು.

ಅಲ್ಲಿಂದ ಆಚೆಗೆ ಹುಡುಗಿ ಮಾಡುವುದೆಲ್ಲ ಎದೆ ಝಲ್ ಅನ್ನಿಸುವ ಕೆಲಸವೇ. ಪಕ್ಕಾ ಆಗಿಲ್ಲದ ಹಾರುವ ಯಂತ್ರ ಹತ್ತುತ್ತಾಳೆ. ತನ್ನದೇ ವಂಶದ, ಆದರೆ ತಲೆಕೆಟ್ಟು ಕೂತ ಜೀವಂತ ಕೋಟೆಯೊಳಗೆ ನುಗ್ಗುತ್ತಾಳೆ. ಯಾಕೆ ಹೀಗೆ ಮಾಡುತ್ತಾಳೆ ಅನ್ನುವುದಕ್ಕೆ ಓದುಗರ ಹತ್ತಿರ ನೂರೆಂಟು ಥಿಯರಿ. ಅಕ್ಕನ ಮಗಳ ಗೆಳೆಯರ ಗುಂಪಿನಲ್ಲಿ ತಲೆಗೊಂದು. ನಾನೂ ಒಂದು ಕಟ್ಟಿದೆ. ಕಟ್ಟಿದ್ದು ಬಿತ್ತು. ಇನ್ನೊಂದು ಕಟ್ಟಿದೆ.

ಮೊದಲನೆಯದು ನನಗೆ ತುಂಬಾ ಪ್ರೀತಿಯದು. ಅಗಾಥಾಳ ತಾಯಿ ಲುಕ್ರೇಜಿಯಾ, ಈ ಕಥೆಯ ದೊಡ್ಡ ಖಳನಾಯಕಿ. ಸ್ಟುರ್ಮ್‌ಹಾಲ್ಟನ್ ಅನ್ನುವ ಊರಿನ ಅರಮನೆಯಲ್ಲಿ ಒಂದು ಯಂತ್ರದ ಮೂಲಕ ತಾಯಿಯ ಮನಸ್ಸನ್ನು ಮಗಳ ತಲೆಯೊಳಗೆ ಇಳಿಸುತ್ತಾರೆ. ಒಂದೇ ಮೈ, ಎರಡು ಮನಸ್ಸು. ಎರಡು ತರಂಗ ಬೆರೆತ ಹಾಗೆ! ಹೆಸರಿಗೂ ಸರಿ, ಕಥೆಗೂ ಸರಿ. ಅವಳ ಅಪಾಯದ ಚಟವೆಲ್ಲ ತಾಯಿಯ ಕೈವಾಡ, ಮಗಳದ್ದಲ್ಲ ಅಂತ ಸಾರಿದೆ. ಆರು ತಿಂಗಳು ಇದನ್ನೇ ಹೇಳಿಕೊಂಡು ತಿರುಗಿದೆ. ಕೊಬ್ಬರಿ ಮಂಡಿಯಿಂದ ಬರುವ ನನ್ನ ಚಹಾ ಜೊತೆಗಾರನಿಗೂ ಹೇಳಿದೆ ಅಂದಮೇಲೆ ಲೆಕ್ಕ ಹಾಕಿ.

ಬೀಳಿಸಿದ್ದು ನನ್ನದೇ ಜಾಬ್ ಕಾರ್ಡು. ಅಂಗಡಿಗೆ ಬಂದ ಪ್ರತಿ ಸೆಟ್ಟಿಗೂ ನಾನೊಂದು ಕಾರ್ಡು ಬರೆಯುತ್ತೇನೆ: ಯಾವಾಗ ಬಂತು, ಗಿರಾಕಿ ಏನಂದ, ಮೀಟರ್ ಏನಂತು. ಗಿರಾಕಿ ಹೇಳುವುದಕ್ಕೂ ಮೀಟರ್ ಹೇಳುವುದಕ್ಕೂ ಸಂಬಂಧವೇ ಇರುವುದಿಲ್ಲ ಎಷ್ಟೋ ಸಲ. "ಸ್ಪೀಕರ್ ಹೋಗಿದೆ ಸ್ವಾಮಿ" ಅಂತಾನೆ. ನೋಡಿದರೆ ಪವರ್ ಸಪ್ಲೈ ಕಂಡೆನ್ಸರ್, ಅಂದರೆ ಚಾರ್ಜು ಹಿಡಿದಿಡುವ ಪಾರ್ಟು, ಒಣಗಿರುತ್ತೆ. ಒಂದು ಭಾನುವಾರ ಅಗಾಥಾಳಿಗೂ ಕಾರ್ಡು ಬರೆಯೋಣ ಅಂತ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಮೊದಲಿನಿಂದ ಓದತೊಡಗಿದೆ. ಅವಳು ಅಪಾಯಕ್ಕೆ ಕೈ ಹಾಕಿದ ಪ್ರತಿ ಕಡೆಗೂ ಮೂರು ಕಾಲಂ. ಆ ಹೊತ್ತಿಗೆ ಅವಳಿಗೆ ಏನು ಗೊತ್ತಿತ್ತು? ಕೈಗೆ ಏನು ಸಿಕ್ಕಿತ್ತು? ಯಾರು ಕಾಯುತ್ತಿದ್ದರು?

ಮೊದಲ ಕಾಲಂನಲ್ಲಿಯೇ ಥಿಯರಿ ಮಕಾಡೆ ಮಲಗಿತು. ನಿದ್ದೆಯಲ್ಲಿ ಕಟ್ಟಿದ ಯಂತ್ರ, ಯುರೋಪು ಆಳುವ ಬ್ಯಾರನ್‌ನ ಮಗ ಗಿಲ್‌ನ ಹಾರುವ ಯಂತ್ರ, ಆ ಬ್ಯಾರನ್‌ನ ತೇಲುವ ಕೋಟೆಯಿಂದ ತಪ್ಪಿಸಿಕೊಂಡದ್ದು, ಎಲ್ಲವೂ ಸ್ಟುರ್ಮ್‌ಹಾಲ್ಟನ್ನಿಗಿಂತ ಎಷ್ಟೋ ಮುಂಚಿನವು. ತಾಯಿ ತಲೆಯೊಳಗೆ ಬರುವ ಮೊದಲೇ ಮಗಳು ಹೀಗೇ ಇದ್ದಳು. ಸೆಟ್ ಕೆಟ್ಟದ್ದು ಸೋಮವಾರ, ಸಿಡಿಲು ಬಡಿದದ್ದು ಗುರುವಾರ ಅಂದರೆ ಸಿಡಿಲಿನ ಮೇಲೆ ತಪ್ಪು ಹೊರಿಸಲಾಗುತ್ತದೆಯೇ?

ನನಗೆ ಸಮಾಧಾನ ಕೊಟ್ಟದ್ದು ಒಂದೇ: ಈ ತಪ್ಪನ್ನು ಕಥೆಯೊಳಗಿನ ಮಹಾ ಬುದ್ಧಿವಂತನೂ ಮಾಡಿದ್ದಾನೆ. ಯುರೋಪನ್ನೇ ಮುಷ್ಟಿಯಲ್ಲಿಟ್ಟುಕೊಂಡ ಬ್ಯಾರನ್ ಕ್ಲಾಸ್ ವುಲ್ಫೆನ್‌ಬಾಕ್ ಆ ರಾತ್ರಿಯ ಯಂತ್ರದ ಜಾಡು ಹಿಡಿದು ಬಂದಾಗ ಅವನಿಗೆ ಕಾಣುವುದು ಇಬ್ಬರು, ಒಬ್ಬ ಸೈನಿಕ ಮೊಲಾಕ್, ಇನ್ನೊಬ್ಬಳು ಈ ಹುಡುಗಿ. ಕಟ್ಟಿದವನು ಮೊಲಾಕೇ ಅಂತ ತೀರ್ಮಾನಿಸಿ ಅವನಿಗೆ ಲ್ಯಾಬು ಕೊಡುತ್ತಾನೆ, ಅಗಾಥಾಳನ್ನು ಅವನ ಸಹಾಯಕಿ ಅಂದುಕೊಳ್ಳುತ್ತಾನೆ. ಪಾಪ ಮೊಲಾಕ್, ಅವನು ಸಾದಾ ಮೆಕ್ಯಾನಿಕ್. (ಇಡೀ ಕಾಮಿಕ್ಕಿನಲ್ಲಿ ನನಗೆ ಅತಿ ಹತ್ತಿರದವನು ಅವನೇ. ಸ್ಪಾರ್ಕ್‌ಗಳ ನಡುವೆ ಸ್ಪ್ಯಾನರ್ ಹಿಡಿದು ನಿಂತು, ಇದರಲ್ಲಿ ನಾನೆಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಗೊಣಗುವವನು.) ನೋಡಿದ ಕೂಡಲೇ ಎದ್ದು ಕಾಣುವ ಪಾರ್ಟನ್ನೇ ಕೆಟ್ಟಿದೆ ಅನ್ನುವುದು ಹೊಸ ಹುಡುಗರ ಚಾಳಿ. ಬ್ಯಾರನ್‌ಗೂ ಬಿಡಲಿಲ್ಲ, ನನಗೂ ಬಿಡಲಿಲ್ಲ.

ಎರಡನೆಯದು ಕಂಡೆನ್ಸರ್ ಥಿಯರಿ. ಬಾಲ್ಯದಿಂದ ಲಾಕೆಟ್ ಅದುಮಿ ಇಟ್ಟಿದ್ದ ಚಾರ್ಜು ಒಮ್ಮೆಲೇ ಹೊರಗೆ ಬಂದಿದೆ, ಅದಕ್ಕೇ ಈ ಅಬ್ಬರ. ಹಳೇ ಕಲರ್ ಟೀವಿ ಬಿಚ್ಚಿದವರಿಗೆ ಇದು ತಟ್ಟನೆ ಅರ್ಥವಾಗುತ್ತೆ. ಸ್ವಿಚ್ ಆರಿಸಿದ ಮೇಲೂ ಪಿಕ್ಚರ್ ಟ್ಯೂಬು ಸಾವಿರಾರು ವೋಲ್ಟ್ ಹಿಡಿದುಕೊಂಡು ಕೂತಿರುತ್ತೆ, ಮುಟ್ಟಿದವನ ಕೈ ಹಿಂದಕ್ಕೆ ಎಸೆಯುತ್ತೆ. ಆದರೆ ಒಂದು ಸಲ ಡಿಸ್ಚಾರ್ಜ್ ಆದ ಮೇಲೆ ಅದು ಬರೀ ಗಾಜು. ಹಾಗಿದ್ದರೆ ಅಗಾಥಾಳೂ ಪುಟ ಉರುಳಿದಂತೆ ತಣ್ಣಗಾಗಬೇಕಿತ್ತು. ಆಗಲಿಲ್ಲ, ಬೆಳೆದಳು. ಇನ್ನೂ ಒಂದು ಮಾತು: ತಾಯಿಯ ಮನಸ್ಸನ್ನು ಅದುಮಲು ಅವಳು ಮುಂದೆ ಅದೇ ಲಾಕೆಟ್ಟನ್ನು ತಾನಾಗಿಯೇ ಮತ್ತೆ ತೊಡುತ್ತಾಳೆ. ರೇಡಿಯೊದವರು ವೇವ್‌ಟ್ರ್ಯಾಪ್ ಅನ್ನುತ್ತಾರಲ್ಲ, ಬೇಡದ ಒಂದೇ ಸ್ಟೇಷನ್ನನ್ನು ತಡೆಯುವುದು, ಹಾಗೆ. ಲಾಕೆಟ್ ಕೊರಳಲ್ಲಿದ್ದಾಗಲೂ ಅವಳ ಸಾಹಸ ನಿಲ್ಲುವುದಿಲ್ಲ. ಎರಡನೇ ಥಿಯರಿಯೂ ಬುಟ್ಟಿಗೆ.

ಮೂರನೆಯದು ಹುಟ್ಟಿದ್ದು ನನ್ನದೇ ಒಂದು ಹಳೇ ಮರ್ಯಾದೆಗೇಡಿನಿಂದ. 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ಬೀದಿಯವರೆಲ್ಲ ನನ್ನ ಅಂಗಡಿಯ ಟೀವಿ ಮುಂದೆ. ಮಧ್ಯದಲ್ಲಿ ಫ್ಯೂಸ್ ಹಾರಿತು. ಹೊಸದು ಹಾಕಿದೆ, ಅದೂ ಹಾರಿತು. ಯಾಕೆ ಹಾರುತ್ತಿದೆ ಅಂತ ಹುಡುಕಬೇಕಿತ್ತು, ಅರ್ಧ ಗಂಟೆಯ ಕೆಲಸ. ಹಿಂದೆ ನಲವತ್ತು ಜನ "ಬೇಗ, ಬೇಗ" ಅನ್ನುತ್ತಿದ್ದರು. ವೈರಿನಿಂದ ಒಂದು ದಪ್ಪ ತಾಮ್ರದ ಎಳೆ ಕಿತ್ತು ಫ್ಯೂಸಿನ ಜಾಗಕ್ಕೆ ಸುತ್ತಿದೆ. ಟೀವಿ ಬಂತು, ಚಪ್ಪಾಳೆ ಬಿತ್ತು. ಅಜಯ್ ಜಡೇಜ ವಕಾರ್ ಯೂನಿಸ್‌ಗೆ ಚಚ್ಚಲು ಶುರು ಮಾಡಿದ್ದನಷ್ಟೇ, ಸೆಟ್ಟಿನ ಹಿಂದಿನಿಂದ ಹೊಗೆ. ಜನ ಎದ್ದು ಎದುರಿನ ಹೋಟೆಲ್ಲಿಗೆ ಓಡಿದರು. ಭಾರತ 39 ರನ್‌ಗಳಿಂದ ಗೆದ್ದದ್ದನ್ನು ನಾನು ಒಬ್ಬನೇ ಕೂತು ರೇಡಿಯೊದಲ್ಲಿ ಕೇಳಿದೆ.

ಅಂದರೆ ಅಪಾಯಕ್ಕೆ ಕೈ ಹಾಕಿಸುವುದು ಒಳಗಿನ ಹುಚ್ಚಲ್ಲ, ಬೆನ್ನ ಹಿಂದೆ ಕಾಯುವವರು. ನನ್ನ ಮೂರನೇ ಕಾಲಂ ನೋಡಿ, ತುಂಬಿ ತುಳುಕುತ್ತಿತ್ತು. ತಾರ್ವೆಕ್ ಅನ್ನುವ ರಾಜಕುಮಾರ ಮೈಯ ಬಣ್ಣ ಬದಲಾಗುತ್ತ ಸಾಯುವ ವಿಚಿತ್ರ ಕಾಯಿಲೆಯಲ್ಲಿ ಮಲಗಿದ್ದಾನೆ. ಅವನನ್ನು ಉಳಿಸಲು ಅಗಾಥಾ, ಗಿಲ್, ತಾರ್ವೆಕ್ ಮೂವರ ಜೀವವನ್ನೂ ಒಂದಕ್ಕೊಂದು ಜೋಡಿಸುವ ಚಿಕಿತ್ಸೆ ನಡೆಯುತ್ತೆ. 'ಸಿ ವಾಲೆಸ್ ವಾಲೆಯೊ' ಅಂತ ಅದರ ಲ್ಯಾಟಿನ್ ಹೆಸರು. ನೀನು ಚೆನ್ನಾಗಿದ್ದರೆ ನಾನೂ ಚೆನ್ನಾಗಿರುತ್ತೇನೆ ಅಂತ ಅರ್ಥ. ಮೂರು ಬಲ್ಬನ್ನು ಸೀರೀಸಿನಲ್ಲಿ ಹಾಕಿದ ಹಾಗೆ, ಒಂದು ಹೋದರೆ ಮೂರೂ ಕತ್ತಲು. ಕಾಯಲು ಹೊತ್ತಿಲ್ಲ, ಬೇರೆ ದಾರಿಯಿಲ್ಲ, ಸಾಯುತ್ತಿರುವವನು ಕಣ್ಣೆದುರಿಗಿದ್ದಾನೆ. ಅವಳ ವಂಶದ ಕೋಟೆಯ ವಿಷಯವೂ ಅಷ್ಟೇ. ಹಳೇ ದಾಳಿಯಲ್ಲಿ ಚೂರುಚೂರಾದ ಅದರ ಮನಸ್ಸು ಒಂದಾಗಬೇಕಾದರೆ ಮೊದಲು ಪೂರ್ತಿ ಆರಿಸಿ ಮತ್ತೆ ಹೊತ್ತಿಸಬೇಕು ಅಂತ ಅವಳು ನಿರ್ಧರಿಸುತ್ತಾಳೆ. ನೋಡುವವರಿಗೆ ಇದು ಹುಚ್ಚಾಟ. ಸೆಟ್‌ಟಾಪ್ ಬಾಕ್ಸ್ ರಿಪೇರಿ ಮಾಡುವ ಯಾರನ್ನಾದರೂ ಕೇಳಿ, ದಿನಕ್ಕೆ ಹತ್ತು ಸಲ ಕೊಡುವ ಸಲಹೆ ಅದು. ಹೊರಗೆ ಇಡೀ ಪಟ್ಟಣ ಮುತ್ತಿಗೆಯಲ್ಲಿ ಸಿಕ್ಕು ಕಾಯುತ್ತಿದೆ ಅನ್ನುವುದೊಂದೇ ವ್ಯತ್ಯಾಸ.

ಇದರ ಜೊತೆಗೆ ಇನ್ನೊಂದು ಕಂಡೆ. ವಾಲ್ವ್ ಸೆಟ್ಟಿನಲ್ಲಿ ಕೆಲವಕ್ಕೆ ಚಾಸಿಯಲ್ಲೇ, ಅಂದರೆ ಒಳಗಿನ ಲೋಹದ ಚೌಕಟ್ಟಿನಲ್ಲೇ, ಮೇನ್ಸ್ ಕರೆಂಟು ಇರುತ್ತಿತ್ತು. ನಮ್ಮ ಗುರುಗಳು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಮುಟ್ಟು ಅಂತ ಹೊಡೆದು ಕಲಿಸಿದ್ದರು. ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಕರೆಂಟು ಹಾಯಬಾರದು ಅಂತ. ಅಗಾಥಾಳಿಗೆ ಹಾಗೆ ಹೊಡೆದು ಕಲಿಸಿದವರಿಲ್ಲ. ಲಾಕೆಟ್ ಇದ್ದಷ್ಟು ದಿನ ಅವಳು ಮಾಡಿದ್ದೊಂದೂ ಓಡುತ್ತಲೇ ಇರಲಿಲ್ಲ, ಹಾಗಾಗಿ ಸುಟ್ಟುಕೊಂಡು ಕಲಿಯುವ ಅವಕಾಶವೂ ಸಿಗಲಿಲ್ಲ. ಎಲ್ಲರೂ ಹದಿನಾಲ್ಕಕ್ಕೆ ತಿನ್ನುವ ಶಾಕನ್ನು ಅವಳು ನೇರ ಹೈವೋಲ್ಟೇಜಿನಲ್ಲಿ ತಿನ್ನುತ್ತಿದ್ದಾಳೆ. ಎರಡು ಕೈಯೂ ಒಳಗೆ, ಫ್ಯೂಸ್ ಇಲ್ಲ, ಹಿಂದೆ ಕಾಯುವ ಜನ. ಇದಿಷ್ಟು ನನ್ನ ಥಿಯರಿ.

ದೀಪಾವಳಿಗೆ ಊರಿಗೆ ಬಂದಾಗ ಅಕ್ಕನ ಮಗಳ ಮುಂದೆ ನೋಟ್‌ಬುಕ್ ಇಟ್ಟೆ. ಅವಳು ಒಂದೊಂದೇ ಹಾಳೆ ತಿರುವಿದಳು. ಒಪ್ಪಿದಳು ಅಂದುಕೊಂಡೆ.

"ಮಾಮ, ಅಕ್ಷರ ನೋಡಿಲ್ಲ ನೀವು."

"ಯಾವ ಅಕ್ಷರ?"

"ಸ್ಪಾರ್ಕ್‌ಗಳಿಗೆ ಆವೇಶ ಬಂದಾಗ ಅವರ ಮಾತಿನ ಅಕ್ಷರಾನೇ ಬೇರೆ ಥರ ಬರೀತಾರೆ. ಮುಖ ನೋಡಿ ಇಲ್ಲಿ. ಹೆದರಿರೋರ ಮುಖಾನಾ ಇದು?"

ಫೋನಿನಲ್ಲಿ ಪುಟ ದೊಡ್ಡದು ಮಾಡಿ ತೋರಿಸಿದಳು. ಕಣ್ಣು ಹೊಳೆಯುತ್ತಿತ್ತು, ಹಲ್ಲು ಕಾಣುವಷ್ಟು ನಗು. ಇನ್ನೊಂದು ಪುಟ, ಇನ್ನೊಂದು. ನಾನು ಮಾತನ್ನಷ್ಟೇ ಓದಿ ಕಾಲಂ ತುಂಬಿಸಿದ್ದೆ, ಚಿತ್ರವನ್ನು ಬಿಟ್ಟಿದ್ದೆ. ಕಾಮಿಕ್ ಓದುವವನು ಚಿತ್ರ ಬಿಟ್ಟರೆ ಅದು ಸರ್ಕ್ಯೂಟ್ ನೋಡದೆ ಪಾರ್ಟಿನ ಪಟ್ಟಿ ಓದಿದ ಹಾಗೆ.

"ಕಾಯೋರು ಇರ್ತಾರೆ, ಸರಿ. ಆದ್ರೆ ಅವಳಿಗೆ ಅದು ಇಷ್ಟ ಮಾಮ. ಕಾಯೋರು ಅವಳಿಗೊಂದು ನೆಪ."

"ಹಂಗಲ್ಲಮ್ಮ, ಬೇರೆ ದಾರಿನೇ ಇರಲಿಲ್ಲ ಅವಳಿಗೆ."

"ಮ್ಯಾಚಿನ ದಿನ ನಿಮಗೂ ಬೇರೆ ದಾರಿ ಇರಲಿಲ್ವಾ? ಎದುರಿಗೇ ಹೋಟೆಲ್ ಟೀವಿ ಇತ್ತಲ್ಲ."

ಅಕ್ಕ ಒಳಗಿನಿಂದ ನಕ್ಕಳು. ಅವಳಿಗೆ ಆ ಕಥೆ ಚೆನ್ನಾಗಿ ಗೊತ್ತು.

"ಆ ತಾಮ್ರದ ಎಳೆ ಸುತ್ತಿದಾಗ ನಿಮಗೆ ಖುಷಿ ಆಗಿತ್ತಾ, ಇಲ್ವಾ? ನಿಜ ಹೇಳಿ."

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಪರದೆ ಹೊತ್ತಿಕೊಂಡ ಆ ಕ್ಷಣ, ಹಿಂದಿನಿಂದ ಬಿದ್ದ ಚಪ್ಪಾಳೆ, ಹೆಬ್ಬೆರಳಿನಲ್ಲಿ ಇನ್ನೂ ಇದ್ದ ಬಿಸಿ, ಎಲ್ಲ ನೆನಪಾಯಿತು.

"ಆಗಿತ್ತು," ಅಂದೆ.

ಅವಳು ಪೆನ್ನು ತೆಗೆದುಕೊಂಡು, ಸ್ಕೇಲ್ ಇಲ್ಲದೆ ಸೊಟ್ಟಗೆ, ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕನೇ ಗೆರೆ ಎಳೆದಳು. ಅದಕ್ಕೆ ತಲೆಬರಹ ಇನ್ನೂ ಇಟ್ಟಿಲ್ಲ. ಮೊದಲ ಪುಟದಿಂದ ಮತ್ತೆ ಓದುತ್ತಿದ್ದೇನೆ, ಈ ಸಲ ಮುಖಗಳನ್ನು.