ಸಬ್ಬತ್ ಸಂಜೆಯ ಪ್ರಾರ್ಥನೆಗೆ ಪಿಟೀಲು: ನನ್ನ ಅನುಭವ

ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರ ಸಂಜೆ ಶುರುವಾಗುತ್ತದೆ. ಆ ಸಂಜೆಯ ಪ್ರಾರ್ಥನೆಗೆ ವಾದ್ಯ ಹಿಡಿಯುವ ಮೊದಲು ಆ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಪದ್ಧತಿ ಏನೆಂದು ಕೇಳಿಕೊಳ್ಳಬೇಕು. ಸಂಪ್ರದಾಯಸ್ಥ ಯಹೂದಿಗಳು ಸಬ್ಬತ್ತಿನಲ್ಲಿ ವಾದ್ಯ ನುಡಿಸುವುದಿಲ್ಲ. ತಂತಿ ಕಡಿದರೆ ಸರಿಮಾಡಲು ಕೈ ಹೋದೀತು, ದುರಸ್ತಿ ಆ ದಿನ ನಿಷಿದ್ಧ ಎಂಬುದು ಅವರು ಕೊಡುವ ಕಾರಣ. ನಾನು ನುಡಿಸುವುದು ಅಮೆರಿಕದ ರಿಫಾರ್ಮ್ (ಸುಧಾರಣಾವಾದಿ) ಸಿನಗಾಗಿನಲ್ಲಿ, ಅಲ್ಲಿ ಅಡ್ಡಿಯಿಲ್ಲ. ಆದರೂ ಮೈಕು, ಕೇಬಲ್ಲು, ಶ್ರುತಿ ಎಲ್ಲವನ್ನೂ ದೀಪ ಹಚ್ಚುವ ಮೊದಲೇ ಮುಗಿಸಿಬಿಡುತ್ತೇವೆ.

ಪಿಟೀಲು, ಕ್ಲಾರಿನೆಟ್, ಅಕಾರ್ಡಿಯನ್, ಗಿಟಾರ್, ಕೈಯಿಂದ ಬಾರಿಸುವ ದರ್ಬುಕಾ ಎಂಬ ಚರ್ಮವಾದ್ಯ, ಇಷ್ಟು ಸಾಕು. ಹಾಡುವವರು ಸಭೆಯವರೇ ಆದ್ದರಿಂದ ಅವರ ದನಿಗೆ ಒಗ್ಗುವ ಶ್ರುತಿ ಬೇಕು. ಪೂರ್ವ ಯುರೋಪಿನ ಧಾಟಿಗಳಿಗೆ ಡಿ ಸ್ವರವನ್ನು ಷಡ್ಜವಾಗಿ ಇಟ್ಟುಕೊಳ್ಳುತ್ತೇವೆ.

ಈ ಧಾಟಿಗಳಲ್ಲಿ ಬಹಳಷ್ಟು ಫ್ರೈಗಿಶ್ ಎಂಬ ಸ್ವರಶ್ರೇಣಿಯಲ್ಲಿವೆ. ಕರ್ನಾಟಕ ಸಂಗೀತ ಕಲಿತವರಿಗೆ ಅದು 14ನೇ ಮೇಳ, ವಕುಳಾಭರಣ: ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಧೈವತ, ಕೈಶಿಕಿ ನಿಷಾದ. ಸ್ವರ ಗೊತ್ತಿದ್ದ ಮಾತ್ರಕ್ಕೆ ಧಾಟಿ ಕೈಗೆ ಬಂತು ಎಂದುಕೊಳ್ಳಬಾರದು. ರಿಷಭವನ್ನು ಮಾಯಾಮಾಳವಗೌಳದಂತೆ ಅಲುಗಿಸಿದರೆ ಹಾಡುವವರಿಗೆ ಹೆಜ್ಜೆ ತಪ್ಪುತ್ತದೆ. ಅವರ ಗಮಕ ಬೇರೆ, ಹೆಸರು ಕ್ರೆಖ್ಟ್ಸ್. ಸ್ವರದ ಕೊನೆಯಲ್ಲಿ ಮೇಲಿನ ಬೆರಳು ತಂತಿಗೆ ತಾಗಿ ಕೂಡಲೇ ಬಿಡಬೇಕು, ಬಿಕ್ಕಿದಂತೆ. ಸಾಲಿಗೊಂದು ಬಂದರೆ ಚೆಂದ. ಷಡ್ಜದ ಕೆಳಗೆ ಇಳಿದಾಗ ಧೈವತ ಎಷ್ಟೋ ಸಲ ಚತುಶ್ರುತಿಯಾಗುತ್ತದೆ ಎನ್ನುವುದೂ ನೆನಪಿರಲಿ.

ಗಿಟಾರಿನವರು ಎಡವುವುದು ಮುಕ್ತಾಯದಲ್ಲಿ. ರೂಢಿಬಲದಿಂದ ಎ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿಯುತ್ತಾರೆ. ಅದರಲ್ಲಿ ಕಾಕಲಿ ನಿಷಾದವೂ ಚತುಶ್ರುತಿ ರಿಷಭವೂ ಇವೆ. ಎರಡೂ ಧಾಟಿಗೆ ಹೊರಗಿನವು. ಸಿ ಮೈನರ್‌ನಿಂದ ಡಿ ಮೇಜರ್‌ಗೆ ಬಂದರೆ ಸರಿಯಾಗಿ ಕೂಡುತ್ತದೆ.

ಸಂಜೆಯ ಜೀವವೇ ಸಬ್ಬತ್ತನ್ನು ಬರಮಾಡಿಕೊಳ್ಳುವ ಹಾಡು ‘ಲೆಖಾ ದೋದಿ’. 16ನೇ ಶತಮಾನದಲ್ಲಿ ಸಫೇದ್ ಊರಿನ ಶ್ಲೋಮೊ ಅಲ್ಕಬೇತ್ಸ್ ಬರೆದದ್ದು. ಮೊದಲ ಎಂಟು ನುಡಿಗಳ ಮೊದಲಕ್ಷರ ಕೂಡಿಸಿದರೆ ಅವರ ಹೆಸರು ಬರುತ್ತದೆ. ಒಟ್ಟು ಒಂಬತ್ತು ನುಡಿ, ಪ್ರತಿಯೊಂದರ ನಂತರ ಪಲ್ಲವಿ. ಒಂದೇ ಧಾಟಿಯಲ್ಲಿ ಎಳೆದರೆ ಸಭೆ ಸೊರಗುತ್ತದೆ. ಐದು ನುಡಿ ನಿಧಾನವಾಗಿ ಹಾಡಿ, ‘ಲೋ ತೇವೋಶಿ’ ಎಂಬ ಆರನೆಯದರಲ್ಲಿ ಚುರುಕಾದ ಧಾಟಿಗೆ ಹೊರಳುವುದು ಹಳೆಯ ರೂಢಿ. ನಾವು ಅಲ್ಲಿ ಸೆಫಾರ್ದಿ (ಸ್ಪೇನ್ ಮೂಲದ ಯಹೂದಿಗಳ) ಧಾಟಿ ಹಾಕಿ, ದರ್ಬುಕಾವನ್ನು ಅಲ್ಲೇ ಮೊದಲ ಬಾರಿಗೆ ಎತ್ತಿಕೊಳ್ಳುತ್ತೇವೆ. ಐದನೆಯ ಪಲ್ಲವಿ ಮುಗಿಯುವ ಮುಂಚೆಯೇ ಹೊಸ ಕಾಲ ಬಡಿದರೆ ಅರ್ಧ ಸಭೆ ಹಳೆಯದರಲ್ಲಿ, ಅರ್ಧ ಹೊಸದರಲ್ಲಿ ಹಾಡುತ್ತದೆ. ಅದಕ್ಕೇ ನಡುವೆ ಎರಡು ಆವರ್ತ ಬರೀ ವಾದ್ಯ.

ಕೊನೆಯ ನುಡಿಗೆ ಎಲ್ಲರೂ ಎದ್ದು ಬಾಗಿಲ ಕಡೆ ತಿರುಗುತ್ತಾರೆ. ಸಬ್ಬತ್ ಎಂಬ ವಧು ಒಳಬರುವ ಹೊತ್ತು ಅದು. ಪ್ರಾರ್ಥನೆ ಹಾಡಿಸುವ ಕ್ಯಾಂಟರ್ ಕೂಡ ತಿರುಗುವುದರಿಂದ ನಿಲುವು ಮೈಕಿಗೆ ಅವರ ದನಿ ಸಿಗುವುದಿಲ್ಲ, ಕಾಲ ಜಗ್ಗುತ್ತದೆ. ತಲೆಗೆ ಸಿಕ್ಕಿಸುವ ಮೈಕೇ ಇದಕ್ಕೆ ಪರಿಹಾರ. ನಡುದಾರಿಯಲ್ಲಿ ಕೇಬಲ್ ಹಾಯಿಸಲೇಬಾರದು.

ದೇವರೊಬ್ಬನೇ ಎಂದು ಸಾರುವ ಶೆಮಾ ಪ್ರಾರ್ಥನೆಗೆ ವಾದ್ಯವಿಲ್ಲ. ನಿಂತು ಮೌನವಾಗಿ ಹೇಳುವ ಅಮಿದಾ ಪ್ರಾರ್ಥನೆಯಲ್ಲೂ ಇಲ್ಲ. ಆ ಹೊತ್ತಿನಲ್ಲಿ ಬಿರಡೆ ತಿರುವಬಾರದು. ಸತ್ತವರ ನೆನಪಿನ ಕದ್ದಿಶ್ ಹೇಳುವಾಗ ಕೆಳಗೆ ಶ್ರುತಿ ಸಹ ಹಿಡಿಯುವುದಿಲ್ಲ. ಅಷ್ಟರೊಳಗೆ ಅಕಾರ್ಡಿಯನ್ನಿನ ತಿದಿಗೆ ಪಟ್ಟಿ ಬಿಗಿದಿರಬೇಕು, ಇಲ್ಲವಾದರೆ ಅದು ಬುಸ್ಸೆನ್ನುವುದು ಕೊನೆಯ ಸಾಲಿನವರೆಗೂ ಕೇಳಿಸುತ್ತದೆ.