ಸೋಮವಾರ ರೊಟ್ಟಿ ಕಡಿಮೆ, ಬೇಳೆ ಹೆಚ್ಚು

ಖಾನಾವಳಿ ತೆರೆದ ಮೊದಲ ವಾರ 25 ಕಿಲೋ ಜೋಳವನ್ನು ಒಂದೇ ಸಲಕ್ಕೆ ಬೀಸಿಸಿ ತಂದಿದ್ದೆ. ಗಿರಣಿಗೆ ಪದೇ ಪದೇ ಓಡಾಡುವ ತಾಪತ್ರಯ ತಪ್ಪಿತು ಎಂದುಕೊಂಡೆ. ದಿನ ಕಳೆದಂತೆ ಹಿಟ್ಟಿನ ಜಿಗಿ ಹೋಯಿತು. ಎಷ್ಟು ನಾದಿದರೂ ರೊಟ್ಟಿಯ ಅಂಚು ಒಡೆಯುತ್ತಿತ್ತು, ಹಂಚಿನಿಂದ ತೆಗೆಯುವಾಗ ಎರಡು ಹೋಳಾಗುತ್ತಿತ್ತು. ಅಂದು ಉಣ್ಣಲು ಕುಳಿತ ಒಬ್ಬ ಹುಡುಗ ಏನೂ ಅನ್ನಲಿಲ್ಲ. ಹೋಳುಗಳನ್ನು ಜೋಡಿಸಿಕೊಂಡು ಉಂಡು, ದುಡ್ಡು ಕೊಟ್ಟು ಹೋದ. ಅವನು ಬೈದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ.

ನನ್ನ ಖಾನಾವಳಿ ಇರುವುದು ಕಲಬುರಗಿಯ ಸೇಡಂ ರಸ್ತೆಯಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಹತ್ತಿರ. ಎರಡು ಖೋಲಿ, ಮುಂದೆ ತಗಡಿನ ಚಪ್ಪರ. ನಾನು, ನನ್ನ ಅತ್ತೆ, ರೊಟ್ಟಿ ಬಡಿಯಲು ಬರುವ ಇಬ್ಬರು ಹೆಣ್ಣುಮಕ್ಕಳು. ಹುಟ್ಟಿದಾಗಿನಿಂದ ನೋಡಿದ ಕೆಲಸ ಎಂಬ ಧೈರ್ಯದಿಂದ ಶುರು ಮಾಡಿದ್ದೆ. ಮನೆಯ ಆರು ಜನರಿಗೆ ಬಡಿಯುವುದೇ ಬೇರೆ, ಅರವತ್ತು ಜನರಿಗೆ ಬಡಿಯುವುದೇ ಬೇರೆ ಎಂದು ಆ ಹಿಟ್ಟು ಕಲಿಸಿತು.

ಈಗ ಮೂರು ದಿನಕ್ಕೆ ಸಾಲುವಷ್ಟೇ ಬೀಸಿಸುತ್ತೇನೆ. ಜೋಳವನ್ನು ಮಾತ್ರ ವರ್ಷಕ್ಕೊಮ್ಮೆ, ಹಿಂಗಾರಿ ರಾಶಿ ಮುಗಿದ ಮೇಲೆ ಊರಿನಿಂದಲೇ ತರಿಸುತ್ತೇನೆ. ಮಾಲದಂಡಿಯೇ ಆಗಬೇಕು. ಹೈಬ್ರಿಡ್ ಜೋಳ ಅಗ್ಗ, ಆದರೆ ಅದರ ರೊಟ್ಟಿಗೆ ಆ ರುಚಿಯೂ ಇಲ್ಲ, ಮೆತ್ತನೆಯ ಗುಣವೂ ಇಲ್ಲ. ಗೋಧಿಗಿರುವ ಅಂಟು ಜೋಳಕ್ಕಿಲ್ಲ, ಅದನ್ನು ಹಿಡಿದಿಡುವುದು ಕುದಿಯುವ ಎಸರು. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದು, ಕೈ ತಾಳುವಷ್ಟು ಆರಿದ ಕೂಡಲೇ ನಾದಬೇಕು. ಅದೂ ಒಮ್ಮೆಗೆ ನಾಲ್ಕೈದು ರೊಟ್ಟಿಗಾಗುವಷ್ಟು ಮಾತ್ರ. ಬೇಗ ಮುಗಿಯಲಿ ಎಂದು ದೊಡ್ಡ ಪರಾತದಲ್ಲಿ ಎಲ್ಲವನ್ನೂ ನಾದಿಟ್ಟರೆ ಕೊನೆಯ ಉಂಡೆಯ ಹೊತ್ತಿಗೆ ಮತ್ತೆ ಅದೇ ಗೋಳು. ಒಂದು ಕಿಲೋ ಹಿಟ್ಟಿಗೆ ನಮ್ಮ ಕೈಯಲ್ಲಿ 14 ರೊಟ್ಟಿ ಬರುತ್ತವೆ.

ಎಷ್ಟು ಕಿಲೋ ಹಿಟ್ಟು ತೆಗೆಯಬೇಕು ಎಂಬುದನ್ನು ಕಲಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಸೋಮವಾರ ಮಧ್ಯಾಹ್ನ ರೊಟ್ಟಿ ಉಳಿಯುತ್ತಿತ್ತು, ಪಲ್ಯ ಸಾಲುತ್ತಿರಲಿಲ್ಲ. ಯಾಕೆಂದು ತಿಳಿಯದೆ ಎಷ್ಟೋ ವಾರ ಒದ್ದಾಡಿದೆ. ಒಂದು ದಿನ ಚಿಂಚೋಳಿ ಕಡೆಯ ಹುಡುಗನೊಬ್ಬ ಬಾಗಿಲಲ್ಲೇ ನಿಂತು, “ಅಕ್ಕಾ, ಪಲ್ಯ ಅಷ್ಟೇ ಕೊಡುತ್ತೀರಾ?” ಎಂದು ಕೇಳಿದ. ಕೈಯಲ್ಲಿ ಬಟ್ಟೆಯ ಗಂಟು. ಶನಿವಾರ ಊರಿಗೆ ಹೋದ ಮಕ್ಕಳು ಬರುವಾಗ ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಂದಿರುತ್ತಾರೆ. ಅದಕ್ಕೆ ಬೇಕಾಗುವುದು ಬಿಸಿ ಬೇಳೆ, ಒಂದಿಷ್ಟು ಕಾಳಿನ ಪಲ್ಯ. ಹೊರಗಿನ ಬುತ್ತಿ ಬಿಚ್ಚಿದರೆ ಬೈಸಿಕೊಳ್ಳಬೇಕಾದೀತು ಎಂದು ಅವರು ಅಳುಕುತ್ತಿದ್ದರು. “ಇಲ್ಲೇ ಬಿಚ್ಚಿ ಉಣ್ಣು ತಮ್ಮಾ” ಎಂದೆ. ಅಂದಿನಿಂದ ಸೋಮವಾರ ಅರ್ಧ ಹಿಟ್ಟು, ಒಂದೂವರೆ ಪಟ್ಟು ಬೇಳೆ. ತಾಯಿಯ ಕೈಯ ರೊಟ್ಟಿ ನನ್ನ ಅಂಗಳದಲ್ಲಿ ಬಿಚ್ಚಿಕೊಳ್ಳುವುದನ್ನು ನೋಡುವುದು ನನಗೆ ಬಹಳ ಇಷ್ಟ.

ಬೇಳೆಯ ವಿಷಯದಲ್ಲಿ ನಾನು ಹಟಮಾರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಈ ಕಪ್ಪು ಮಣ್ಣಿನ ಬೇಳೆ ಬೇಗ ಬೇಯುತ್ತದೆ, ಪರಿಮಳವೂ ಬೇರೆ. ಒಬ್ಬ ವ್ಯಾಪಾರಿ ಹೊರಗಿನ ಬೇಳೆ ಬೆರೆಸಿ ಕೊಟ್ಟಾಗ ಅರ್ಧ ಕರಗಿ ಅರ್ಧ ಕಾಳಾಗಿಯೇ ಉಳಿಯಿತು. ಆಮೇಲೆ ಚೀಲ ಕೊಳ್ಳುವ ಮುಂಚೆ ಒಂದು ಹಿಡಿ ತಂದು ಮನೆಯಲ್ಲಿ ಬೇಯಿಸಿ ನೋಡುತ್ತೇನೆ.

ಉದ್ರಿಯ ವಿಷಯದಲ್ಲಿ ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡನೆಯ ವರ್ಷ ಎಣ್ಣೆಯ ಬೆಲೆ ಏರಿ ಕೈ ಕಟ್ಟಿದಂತಾದಾಗ “ಉದ್ರಿ ಇಲ್ಲ” ಎಂಬ ಫಲಕ ಬರೆಸಿ ಬಾಗಿಲಿಗೆ ಎದುರಾಗಿ ಹಾಕಿದೆ. ದಿನವೂ ಬರುತ್ತಿದ್ದ ಒಬ್ಬ ಹುಡುಗಿ ರಾತ್ರಿಯ ಊಟಕ್ಕೆ ಬರುವುದನ್ನು ನಿಲ್ಲಿಸಿದಳು. ಊರಿಗೆ ಹೋಗಿರಬೇಕು ಎಂದುಕೊಂಡೆ. ವಿದ್ಯಾರ್ಥಿವೇತನ ಬಂದಿಲ್ಲ, ರಾತ್ರಿ ಬಿಸ್ಕತ್ತು ತಿಂದು ಮಲಗುತ್ತಾಳೆ ಎಂದು ಅವಳ ಗೆಳತಿಯಿಂದ ತಿಳಿಯಿತು. ಅವಳು ನನ್ನಲ್ಲಿ ಒಂದು ಸಲವೂ ಉದ್ರಿ ಕೇಳಿದವಳಲ್ಲ. ಫಲಕ ಓದಿ, ಕೇಳುವ ಮೊದಲೇ ಹಿಂದೆ ಸರಿದಿದ್ದಳು. ಆ ರಾತ್ರಿಯೇ ಫಲಕ ಕಿತ್ತು, ಗೆಳತಿಯ ಕೈಯಲ್ಲಿ ಡಬ್ಬಿ ಕಳಿಸಿದೆ.

ಈಗಿನ ಪದ್ಧತಿ ಸರಳ. ಅನುಕೂಲ ಇರುವವರು ತಿಂಗಳ ಮೊದಲೇ ಕೊಡುತ್ತಾರೆ, ಅದರಿಂದ ಕಿರಾಣಿ ಸಾಮಾನು ಬರುತ್ತದೆ. ಉಳಿದವರದು ಪುಸ್ತಕದಲ್ಲಿ, ಎರಡು ಪ್ರತಿ, ಒಂದು ಅವರ ಹತ್ತಿರ. ಎರಡು ತಿಂಗಳು ದಾಟಿದರೆ ನಾನೇ ಪಕ್ಕಕ್ಕೆ ಕರೆದು ಮಾತಾಡುತ್ತೇನೆ, ನಾಲ್ಕು ಜನರ ಮುಂದೆ ಎಂದೂ ಇಲ್ಲ. ಆರು ವರ್ಷದಲ್ಲಿ ಬಾರದೆ ಉಳಿದದ್ದು ಸುಮಾರು 11,000 ರೂಪಾಯಿ. ಕೆಟ್ಟುಹೋದ ಹಿಟ್ಟು, ಹುಳಿತ ಮೊಸರಿನಲ್ಲಿ ನಾನು ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಡಬ್ಬಿಯೇ ವ್ಯಾಪಾರ. ವಿಶ್ವವಿದ್ಯಾಲಯದ ಆವರಣ 860 ಎಕರೆ. 42 ಡಿಗ್ರಿಯಲ್ಲಿ ದೂರದ ವಿಭಾಗದಿಂದ ನಡೆದು ಬಂದು ಉಂಡು ಮರಳಿ ಹೋಗೆಂದರೆ ಯಾರಿಗೂ ಆಗದು. ಸಂಜೆಯವರೆಗೆ ಕೆಡದ ಪುಂಡಿ ಪಲ್ಯ, ಒಂದು ಬಾಟಲಿ ಮಜ್ಜಿಗೆ ಕಳಿಸುತ್ತೇನೆ.

ಎಳ್ಳಮಾವಾಸ್ಯೆಗೆ ಗಿರಾಕಿ ಇರುವುದಿಲ್ಲ. ಎಲ್ಲರೂ ಹೊಲಕ್ಕೆ ಚರಗ ಚೆಲ್ಲಲು ಊರಿಗೆ ಹೋಗಿರುತ್ತಾರೆ. ಮೊದಲ ವರ್ಷ ನಾನೂ ಬಾಗಿಲು ಹಾಕಿದ್ದೆ. ಪ್ರಬಂಧ ಬರೆಯುತ್ತ ಹಾಸ್ಟೆಲಿನಲ್ಲೇ ಉಳಿದ ನಾಲ್ಕೈದು ಜನ ಬಂದು ಬೀಗ ನೋಡಿ ಹೋದರೆಂದು ಪಕ್ಕದ ಝೆರಾಕ್ಸ್ ಅಂಗಡಿಯವರು ಹೇಳಿದರು. ಈಗ ಅಂದು ಲೆಕ್ಕದ ಪುಸ್ತಕ ತೆಗೆಯುವುದಿಲ್ಲ. ಅತ್ತೆ ನಸುಕಿನಲ್ಲೇ ಎದ್ದು ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಭಜ್ಜಿ ಮಾಡುತ್ತಾರೆ, ನಾನು ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುತ್ತೇನೆ. ಉಳಿದ ಮಕ್ಕಳು ಹನ್ನೊಂದರ ಹೊತ್ತಿಗೆ ಬರುತ್ತಾರೆ. ಚಪ್ಪರದ ಕೆಳಗೆ ಚಾಪೆ ಹಾಸಿ, ಅವರೊಡನೆ ನಾವೂ ಉಣ್ಣಲು ಕೂಡುತ್ತೇವೆ.