ಕ್ಯಾರವಾನ್‌ಗೆ ಗ್ಯಾಸ್ ಸಿಲಿಂಡರ್: ಆಯ್ಕೆ ಮತ್ತು ಬಳಕೆ

ಬೆಂಗಳೂರಿನಿಂದ ಕ್ಯಾರವಾನ್‌ನಲ್ಲಿ ಸಕಲೇಶಪುರದ ಕಡೆಗೆ ಹೊರಡುವವರಿಗೆ ಮನೆಯ 14.2 ಕೆ.ಜಿ. ಸಿಲಿಂಡರಿಗಿಂತ 5 ಕೆ.ಜಿ.ಯದೇ ಸೂಕ್ತ, ವಾರಾಂತ್ಯದ ಅಡುಗೆಗೆ ಅದು ಧಾರಾಳವಾಗಿ ಸಾಕು. ಸಿಲಿಂಡರ್ ಪಡೆಯುವಾಗ ಹಿಡಿಯ ಬಳಿ ಬರೆದಿರುವ ಅಕ್ಷರ ಮತ್ತು ವರ್ಷವನ್ನು ತಪ್ಪದೆ ಓದಿರಿ: ‘ಬಿ-27’ ಎಂದಿದ್ದರೆ 2027ರ ಜೂನ್ ಮುಗಿಯುವುದರೊಳಗೆ ಮರುಪರೀಕ್ಷೆ ಆಗಬೇಕೆಂದು ಅರ್ಥ, ಅವಧಿ ಮೀರಿದ್ದನ್ನು ಮುಲಾಜಿಲ್ಲದೆ ಹಿಂದಿರುಗಿಸಿರಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲ ವಾಹನದ ನೆಲದಲ್ಲೇ ಮಡುಗಟ್ಟುತ್ತದೆ. ಆದಕಾರಣ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು, ಘಾಟಿಯ ತಿರುವುಗಳಲ್ಲಿ ಉರುಳದಂತೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಬಿಗಿದಿರಬೇಕು. ವಾಹನ ಚಲಿಸುವಾಗ ರೆಗ್ಯುಲೇಟರ್ ಬಂದ್ ಆಗಿರಲಿ. ಜೋಡಣೆಗಳಿಗೆ ಸೋಪಿನ ನೀರು ಸವರಿ ನೋಡಿ, ಗುಳ್ಳೆ ಎದ್ದರೆ ಒಲೆ ಹಚ್ಚಬೇಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಕೆಳಗಿಳಿಸಿ, ದೂರ ನಿಂತು ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿರಿ.